ಔಟ್‌ಟರ್ನ್

ಗೋಣಿಕೊಪ್ಪದ ಅಂಗಡಿ, ಶಟರ್ ಅರ್ಧ ಇಳಿಸಿ
ಕಾಳುಮೆಣಸು ತೂಗುವ ತಕ್ಕಡಿಯ ಮೇಲೆ
ರಾತ್ರಿಯ ಬುತ್ತಿ ಬಿಚ್ಚುತ್ತೇನೆ.
ಮೊದಲು ಖಾಲಿ ತಟ್ಟೆ. ಸೊನ್ನೆ ಒತ್ತಿದೆ.
ಕಡಂಬುಟ್ಟು ಒಂದು: ಎಪ್ಪತ್ತೆರಡು ಗ್ರಾಂ.
ಇನ್ನೊಂದು ಇಟ್ಟೆ, ನೋಡಿದೆ, ತೆಗೆದೆ.

ಹತ್ತೊಂಬತ್ತು ವರ್ಷ ಈ ಗಲ್ಲಾಪೆಟ್ಟಿಗೆಯ ಹಿಂದೆ ಕೂತು
ಊರವರ ಚೀಲ ತೂಗಿದವಳು
ನನ್ನನ್ನೇ ತೂಗಿಕೊಂಡದ್ದು ಮಾರ್ಚ್‌ನಲ್ಲಿ,
ಕಾಫಿ ಮೂಟೆಯ ದೊಡ್ಡ ತಕ್ಕಡಿ ಹತ್ತಿ.
ಮೊಯ್ದು ಆ ಕಡೆ ತಿರುಗಿ ನಿಂತ.
ಒಳ್ಳೆಯ ಮನುಷ್ಯ. ಪುಸ್ತಕದಲ್ಲಿ ಬರೆಯಲಿಲ್ಲ.

ಮೊದಲು ಅಕ್ಕಿಯನ್ನೇ ಗಡೀಪಾರು ಮಾಡಿದೆ.
ಪುಟ್ಟು ಇಲ್ಲ, ರೊಟ್ಟಿ ಇಲ್ಲ,
ಬರೀ ಪಂದಿ, ಕಪ್ಪಗೆ ಕಾಚಂಪುಳಿ ಹಿಡಿದದ್ದು.
ಐದು ದಿನಕ್ಕೆ ಮೂರು ಕಿಲೋ ಇಳಿಯಿತು.
ತಂಗಿ ಬೊಳ್ಳಮ್ಮ ಫೋನಿನಲ್ಲಿ ಖುಷಿಗೆ ಕೂಗಿದಳು.
ನಾನು ಕೂಗಲಿಲ್ಲ.
ಹಸಿ ಮೆಣಸು ತಂದು ಒಣಗಿದ್ದೇ ಎಂದು ಆಣೆ ಹಾಕುವವರನ್ನು
ದಿನಾ ನೋಡುವವಳು ನಾನು:
ಮೊದಲು ಹೋಗುವುದು ನೀರು.
ಕಾಳು ಅಲ್ಲೇ ಕೂತಿರುತ್ತದೆ.

ಆಮೇಲೆ ಜಿಡ್ಡು ಬಿಟ್ಟೆ. ಬೇಯಿಸಿದ ಹುರುಳಿ, ಸೌತೆಕಾಯಿ.
ಬಾಚಣಿಗೆ ತುಂಬ ಕೂದಲು.
ಸಿಟ್ಟು ಬೇರೆ; ಹದಿಮೂರು ಮಾಯಿಶ್ಚರ್ ತೋರಿಸಿದ್ದಕ್ಕೆ
ಒಬ್ಬ ಮುದುಕನ ಮೇಲೆ
ಇಡೀ ಬೀದಿ ಕೇಳುವಂತೆ ಹಾರಾಡಿದೆ.

ವಿರಾಜಪೇಟೆಯ ಡಯಟಿಷಿಯನ್ ಚಿಕ್ಕ ಹುಡುಗಿ,
ಮೇಜಿನ ಮೇಲೆ ಪ್ಲಾಸ್ಟಿಕ್ ಮೊಟ್ಟೆ, ಪ್ಲಾಸ್ಟಿಕ್ ಇಡ್ಲಿ.
ಯಾರನ್ನೂ ಮನೆಯಿಂದ ಹೊರಗೆ ಹಾಕಬೇಡಿ ಆಂಟಿ, ಅಂದಳು.
ಪ್ರೋಟೀನು ಸರಿಯಾಗಿ ತಿನ್ನಿ, ಇಲ್ಲದಿದ್ದರೆ
ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿ ಹೋಗುತ್ತದೆ.
ಮೆಟ್ಟಿಲು ಹತ್ತಲು ಅಕ್ಕಿ ಬೇಕು.
ಎಣ್ಣೆ... ಎಂದು ಬೆರಳ ತುದಿ ತೋರಿಸಿದಳು,
ಇಷ್ಟು. ಅದೂ ಇಲ್ಲದಿದ್ದರೆ ಬಾಗಿಲ ಕೀಲು ಕಿರಗುಟ್ಟೀತು.
ಒಟ್ಟು ಮಾತ್ರ ಖರ್ಚಿಗಿಂತ ಕೆಳಗಿರಲಿ.

ಇದನ್ನೇ ವ್ಯಾಪಾರದ ಮಾತಲ್ಲಿ ಹೇಳಬಾರದಿತ್ತೆ, ಹುಡುಗಿ?
ಚೆರಿ ಕಾಫಿಯ ಚೀಲ ಎಷ್ಟು ತೂಗಿದರೇನು,
ಸಿಪ್ಪೆ ಹಾರಿಸಿದ ಮೇಲೆ ಬೀಜ ಎಷ್ಟು ಉಳಿಯಿತು,
ಬೆಲೆ ಅದಕ್ಕೆ. ನಾವು ಔಟ್‌ಟರ್ನ್ ಅನ್ನುತ್ತೇವೆ.
ಬೀಜ ಕಳೆದುಕೊಂಡು ಹಗುರಾದ ಚೀಲವನ್ನು
ನಾನು ಯಾವತ್ತಾದರೂ ಕೊಂಡಿದ್ದೇನೆಯೇ?

ಈಗ ತುಂಡು ಆರಿಸಿ ಹಾಕಿಕೊಳ್ಳುತ್ತೇನೆ.
ಒಂದರಲ್ಲಿ ಬಿಳಿ ಪದರ ಇರಲಿ,
ಮಿಕ್ಕದ್ದು ತಟ್ಟೆಯಂಚಿಗೆ;
ಅಲ್ಲಿ ಅದು ತಣ್ಣಗೆ ಹೆಪ್ಪುಗಟ್ಟುತ್ತ
ನನ್ನನ್ನೇ ನೋಡುತ್ತದೆ.
ಪಕ್ಕದಲ್ಲಿ ಕಣಿಲೆ ಪಲ್ಯ, ಅದನ್ನು ತೂಗುವುದಿಲ್ಲ.
ಜುಲೈ ಹೊತ್ತಿಗೆ ಎರಡೂಕಾಲು ಕಿಲೋ. ನಿಧಾನ.
ಆದರೆ ಮೂಟೆ ಸರಿಸಲು ಮೊಯ್ದುವನ್ನು ಕರೆಯುವುದಿಲ್ಲ ಈಗ.

ಅವನು ಶಟರ್ ಕೆಳಗೆ ತಲೆ ತೂರಿಸಿ ಕೇಳುತ್ತಾನೆ:
ಅಕ್ಕಾ, ಇವತ್ತು ಎಷ್ಟಾಯಿತು?
ಒಂದೇ ಪುಟ್ಟು, ಎನ್ನುತ್ತೇನೆ.
ಸುಳ್ಳು.
ಒಂದೂವರೆ.