ಕಾನಳ್ಳಿ ಎಂಬ ಊರಿಲ್ಲ

ದಾವಣಗೆರೆ ತಾಲ್ಲೂಕು ಕಚೇರಿ, ಬೇವಿನ ಬುಡ,
ನನ್ನದೊಂದು ಟೈಪ್‌ರೈಟರ್, ಇಟ್ಟಿಗೆ ಕೊಟ್ಟ ಮೇಜು.
ವಂಶವೃಕ್ಷ ಒಂದಕ್ಕೆ ಅರವತ್ತು ರೂಪಾಯಿ,
ಎರಡನೇ ಹೆಂಡತಿ ಇದ್ದರೆ ಹತ್ತು ಹೆಚ್ಚು.
‘ಮೃತ’ ‘ಮೃತ’ ಎಂದು ಹೊಡೆದು ಹೊಡೆದು
‘ಮ’ದ ಕೀಲಿಯ ಮುಖವೇ ಸವೆದಿದೆ.

ಕಕ್ಕರಗೊಳ್ಳದವರು, ಆವರಗೆರೆಯವರು
ಪೌತಿ ಖಾತೆಗೆಂದು ಬರುತ್ತಾರೆ.
ಮುತ್ತಜ್ಜನ ಅಪ್ಪನ ಹೆಸರು ಕೇಳಿದರೆ
ಬೇವಿನ ಕೊಂಬೆ ನೋಡುತ್ತಾರೆ.
ನಾನು ನಗುವುದಿಲ್ಲ.
ಓಬಳೇಶ, ಅಪ್ಪ ಮಲಿಯಪ್ಪ, ಅಜ್ಜ ಚೌಡಪ್ಪ,
ಮುತ್ತಜ್ಜ ರೈಲು ನಿಂಗಪ್ಪ, ಅವನವ್ವ ಹುಲಿಗೆವ್ವ;
ಅಲ್ಲಿಗೆ ನನ್ನದೂ ಕೊಂಬೆಯೇ.

ಹೆಳವ ಬಂದಿದ್ದ ಒಮ್ಮೆ, ಎತ್ತು ಮಾರಿ ಮೊಪೆಡ್ ಹತ್ತಿ,
ಕೈಯ ಗಂಟೆ ಮಾತ್ರ ಹಳೆಯದು.
ಓಣಿಯ ಮನೆಮನೆಗೂ ಏಳು ತಲೆ ಒದರಿ
ಜೋಳ, ಹಳೇ ಸೀರೆ ಇಸಕೊಂಡ.
ನಮ್ಮ ಬಾಗಿಲಲ್ಲಿ ಪುಸ್ತಕ ತಿರುವಿದ. ಮತ್ತೆ ತಿರುವಿದ.
‘ಕಾನಳ್ಳಿಯವರು ನಮ್ಮ ಪಾಲಿಗೆ ಬರಂಗಿಲ್ಲ ತಾಯಿ,
ಆ ಊರು ಎಲ್ಲೈತೋ ನಾ ಕಾಣೆ.’
ಅವ್ವ ಮೊರದ ಜೋಳ ವಾಪಸ್ ಒಯ್ಯಲಿಲ್ಲ.

ನಾನೂ ಹುಡುಕಿದ್ದೇನೆ.
ಜಗಳೂರು ಬಸ್ಸಿನ ಕಂಡಕ್ಟರನನ್ನು ಕೇಳಿದೆ,
ಸರ್ವೆ ಕಚೇರಿಯ ನಕ್ಷೆಗೆ ಮೂಗು ತಾಗಿಸಿದೆ.
ಕೆರೆ ನುಂಗಿರಬೇಕು, ಅಂದ ಒಬ್ಬ.
ಪ್ಲೇಗಿಗೆ ಖಾಲಿಯಾಗಿರಬೇಕು, ಅಂದ ಇನ್ನೊಬ್ಬ.
ಇಲ್ಲದ ಊರಿನ ಹೆಸರು ಹೊತ್ತು
ಇದ್ದ ಊರಲ್ಲಿ ರೇಷನ್ ತಗೊಂಡೆವು.

ಹುಲಿಗೆವ್ವ ಹರಿಹರದ ಕಡೆಯಿಂದ
ಕಂಬಿಯ ಜೊತೆಜೊತೆಗೇ ಜಲ್ಲಿ ಹೊತ್ತು ಬಂದವಳಂತೆ.
ಹೊಟ್ಟೆಯಲ್ಲೊಂದು, ತಲೆಯ ಮೇಲೊಂದು.
ಇಷ್ಟೇ. ಇದಕ್ಕಿಂತ ಹೆಚ್ಚು ಕೇಳಿದರೆ
ಅಜ್ಜಿ ಎಲೆಗೆ ಸುಣ್ಣ ಜಾಸ್ತಿ ಹಚ್ಚುತ್ತಿದ್ದಳು.
ಅಪ್ಪನಿಗಿದ್ದದ್ದು ಬೆಕ್ಕಿನ ಕಣ್ಣು.
ಮಿಲ್ಲಿನಲ್ಲಿ ಎಲ್ಲರೂ ಹಾಗೇ ಕರೆದರು, ಅವನೂ ಓಗೊಟ್ಟ.

ಮೊನ್ನೆ ಮಂಗಳವಾರ ಫಾದರ್ ಇನ್ನಾಸಪ್ಪ ಬಂದರು,
ಬೆವರಿನ ಕೈಯಲ್ಲಿ ಅಮೆರಿಕದ ಲಕೋಟೆ.
ಪೆನ್ಸಿಲ್ವೇನಿಯಾದ ಒಬ್ಬ ಮುದುಕಿ
ವಂಶವೃಕ್ಷ ಬರೆಯುತ್ತಿದ್ದಾಳೆ, ಇಪ್ಪತ್ತು ವರ್ಷದಿಂದ.
ಐರ್ಲೆಂಡಿನಲ್ಲಿ ಆಲೂಗೆಡ್ಡೆ ಕೊಳೆತ ಮನೆ,
ಇಬ್ಬರು ಗಂಡುಮಕ್ಕಳು, ಎರಡು ಹಡಗು.
ದೊಡ್ಡವನು ಅಲ್ಲಿ ಇಳಿದ: ಅವನ ಕೆಳಗೆ
ಎಪ್ಪತ್ತಮೂರು ಹೆಸರು, ಒಬ್ಬ ನ್ಯಾಯಾಧೀಶ, ಒಬ್ಬ ಕುಡುಕ.
ಚಿಕ್ಕವನು ರೈಲು ಹಾಕಲು ಇಂಡಿಯಾಕ್ಕೆ ಬಂದ,
ದಾವಣಗೆರೆಯಲ್ಲಿ ಕಾಲರಾ. ಅವನ ಕೆಳಗೆ ಗೆರೆಯಿಲ್ಲ.

‘ಕನ್ನಡದಲ್ಲಿ ಹೊಡೆದುಕೊಡು ಓಬಳೇಶ,
ಚರ್ಚಿನ ಬಾಗಿಲಿಗೆ ಅಂಟಿಸುತ್ತೇನೆ,
ಗೋರಿ ಯಾರಾದರೂ ಬಲ್ಲರೇನೋ.’

ಹಾಳೆ ಸಿಕ್ಕಿಸಿದೆ. ಹೊಡೆದೆ:
ಪ್ಯಾಟ್ರಿಕ್ ಕ—
ಫಾದರ್ ಹೇಳಿದ್ದು ಕನಾಲಿ.
ಬೆರಳು ಹೊಡೆದದ್ದು ಕಾನಳ್ಳಿ.

ಮೂವತ್ತು ವರ್ಷ ಬೆರಳು ತಾನೇ ಓಡುತ್ತಿತ್ತು,
ಮೊದಲ ಸಲ ನಿಂತಿತು.
ಅಶೋಕ ರಸ್ತೆಯ ಗೇಟು ಬಿದ್ದ ಸದ್ದು,
ಗೂಡ್ಸ್ ರೈಲು, ಅದರ ಉದ್ದಕ್ಕೂ ನಾನು ಕೂತಿದ್ದೆ.

ಮುಂದಿನ ಪದ ಅವಳ ಹಾಳೆಯಲ್ಲಿ ಎರಡು ಅಕ್ಷರದ್ದು,
ನಮ್ಮ ಕಚೇರಿಯ ಭಾಷೆಯಲ್ಲಿ: ನಿಸ್ಸಂತಾನ.
ಕಣ್ಣು ಮುಚ್ಚಿ ಹೊಡೆಯಬಲ್ಲೆ ಅದನ್ನು.
ಅಣ್ಣಂದಿರು ಬಂದು ಹೇಳುತ್ತಾರೆ,
‘ತಮ್ಮ ಸತ್ತ, ಹಿಂದೆ ಮುಂದೆ ಯಾರಿಲ್ಲ, ಹೊಡಿ.’
ಹೊಡೆದಿದ್ದೇನೆ. ಅರವತ್ತು ರೂಪಾಯಿ.
ಒಮ್ಮೆ ನಲ್ಲಿಯ ಹತ್ತಿರ ಒಬ್ಬಳು ನಿಂತಿದ್ದಳು,
ಕಂಕುಳಲ್ಲಿ ಮೂಗು ಸೋರುವ ಕೂಸು,
ನಾನು ಹಾಳೆ ಎಳೆದು ಸಹಿಗೆ ಕೊಡುವ ತನಕ ನಿಂತಿದ್ದಳು.
ಬಿಂದಿಗೆ ತಂದಿರಲಿಲ್ಲ.
ಅದು ಆಗಲೇ ಕಂಡಿತ್ತು ನನಗೆ.

‘ತಪ್ಪಾಯಿತೇ?’ ಫಾದರ್ ಬಗ್ಗಿದರು.
ಹೌದು ಅಂದೆ. ಇಲ್ಲ ಅಂದೆ.
ಇನ್ನೊಂದು ಹಾಳೆ ತೆಗೆದು
ಮಧ್ಯಕ್ಕೆ, ಒಂದೇ ಹೆಸರು ಹೊಡೆದೆ:
ಹುಲಿಗೆವ್ವ.
ಅವಳ ಮುಂದೆ ‘ಮೃತ’ ಹಾಕಬೇಕು, ನಿಯಮ.
ಸವೆದ ಕೀಲಿಯ ಮೇಲೆ ಬೆರಳಿಟ್ಟುಕೊಂಡು
ಸ್ವಲ್ಪ ಹೊತ್ತು ಸುಮ್ಮನಿದ್ದೆ.