ಕೆಂಪು ಪಟ್ಟಿಯ ಈಚೆ

ಸೆಪ್ಟೆಂಬರಿನ ಕೊನೆಯ ಶನಿವಾರ ನಾವು
ಊರಾಚೆ ಮರಳು ತೆಗೆದ ಹಳ್ಳಕ್ಕಿಳಿಯುತ್ತೇವೆ.
ಎಂಟು ಬಂದೂಕು, ಎರಡು ಫ್ಲಾಸ್ಕು, ಟೌನೊನ ಮಡಚುವ ಮೇಜು.
ರಟ್ಟಿಗೆ ಬಿಳಿ ಹಾಳೆ, ಹಾಳೆಗೊಂದು ಕಪ್ಪು ಬೊಟ್ಟು.
ರಷ್ಯದ ಗಡಿ ಕಡೆಯ ಗಾಳಿಗೆ ಆಗಲೇ ಹಲ್ಲು ಮೂಡಿದೆ.

ಜಗಳ ವರ್ಷವರ್ಷದ್ದೇ.
ಹೊಸ ದುರ್ಬೀನು, ಹೊಸ ಮೀಸೆಯ ಯಾಲ್ಮರಿ ಹೇಳುತ್ತಾನೆ:
"ಇನ್ನೂರು ಮೀಟರಿಗೆ ಹೊಂದಿಸಿಬಿಟ್ಟರೆ ಲೆಕ್ಕದ ಕಾಟವಿಲ್ಲ.
ಹತ್ತಿರ ಬಂತೋ, ದೂರ ನಿಂತಿತೋ,
ಎದೆಗೆ ಹಿಡಿ, ಎಳೆ."
ಟೌನೊ ಸಕ್ಕರೆ ತುಣುಕು ಹಲ್ಲಲ್ಲಿ ಕಚ್ಚಿ ಕಾಫಿ ಹೀರುತ್ತಾನೆ:
"ನೂರು. ನಮ್ಮಪ್ಪನದೂ ನೂರು.
ಮರದ ಹಿಂದೆ ಮರ ನಿಂತಿರೋ ಈ ಕಾಡಲ್ಲಿ
ಇನ್ನೂರು ಅನ್ನೋದು ಕ್ಯಾಲೆಂಡರಿನ ಚಿತ್ರ."

ನಾನು ಶಾಲೆ ಬಸ್ಸು ಓಡಿಸುವವಳು.
ಬ್ರೇಕು ಹಿಡಿಯುವ ದೂರ ಗೊತ್ತು,
ಹಿಮದ ಮೇಲೆ ಅದು ಎಷ್ಟು ಬೆಳೆಯುತ್ತದೆ ಎಂಬುದೂ.
ಗುಂಡಿನದು ಬೇರೆ ಲೆಕ್ಕ.
ಕಣ್ಣಿನ ದಾರಿ ನೆಟ್ಟಗೆ, ಗುಂಡಿನ ದಾರಿ ಡೊಂಕು.
ನಳಿಗೆ ಬಿಡುವಾಗ ಅದು ನೋಟಕ್ಕಿಂತ ಕೆಳಗೆ;
ತುಸು ದೂರದಲ್ಲೇ ನೋಟವನ್ನು ದಾಟಿ ಮೇಲೆ;
ಸೊಕ್ಕಿಳಿದ ಮೇಲೆ ಮತ್ತೊಮ್ಮೆ ದಾಟಿ, ಕೆಳಗೆ, ಇನ್ನೂ ಕೆಳಗೆ.
ಎರಡೇ ಭೇಟಿ. ಎರಡನೆಯದು ಎಲ್ಲಾಗಲಿ
ಎನ್ನುವುದಷ್ಟೇ ನಮ್ಮ ಕೈಯಲ್ಲಿರುವುದು,
ಅದೂ ಒಂದು ಪುಟ್ಟ ತಿರುಪಿನ ಕ್ಲಿಕ್ಕು ಕ್ಲಿಕ್ಕಿನಲ್ಲಿ.

ಹೋದ ವರ್ಷ ನನ್ನದೂ ಇನ್ನೂರಕ್ಕಿತ್ತು.
ಕಡಿದ ಕಾಡಿನ ಆಚೆ ಅಂಚಿಗೆ ಒಂದು ಗಂಡು ಮೂಸ್,
ನೂರಾ ತೊಂಬತ್ತೋ, ಇನ್ನೂರಾ ಹತ್ತೋ.
ಸಂಜೆ ಬೆಳಕು ದೂರಕ್ಕೆ ಸುಳ್ಳು ಹೇಳಿಕೊಡುತ್ತದೆ.
ಎದೆಗೆ ಹಿಡಿದೆ, ಎಳೆದೆ.
ಮಾರನೆಯ ದಿನ ಅಳೆದರು: ಇನ್ನೂರಾ ಎಂಬತ್ತೆಂಟು.
ಮುಂಗಾಲು ಮುರಿದುಕೊಂಡು ಜೌಗಿಗಿಳಿದಿತ್ತು.
ನಮ್ಮ ನಾಯಿ ಲುಮ್ಮಿ ಎರಡು ದಿನ ಜಾಡು ಹಿಡಿದಳು.
ಪಾಚಿಯ ಮೇಲೆ ಕೆಂಪು ಕೆಂಪು ಲಿಂಗನ್‌ಬೆರಿ,
ಹಣ್ಣು ಯಾವುದು, ರಕ್ತ ಯಾವುದು,
ಬೆರಳಿಟ್ಟೇ ನೋಡಬೇಕಿತ್ತು.
ಮೂರನೆಯ ದಿನ ಹಿಮ ಬಿತ್ತು.

ಯಾರೂ ಬೈಯಲಿಲ್ಲ.
ಊಟಕ್ಕೆ ಕೂತಾಗ, ನಾನು ಕೇಳುವ ಮೊದಲೇ
ಉಪ್ಪು ನನ್ನ ಕಡೆ ಸರಿಸಿದರು.

ಈ ಆಗಸ್ಟಿನಲ್ಲಿ ಮಚಾನಿನಿಂದಿಳಿದು ನಡೆದೆ, ಹೆಜ್ಜೆ ಎಣಿಸುತ್ತಾ.
ಬೋಳು ಬಂಡೆಗೆ ನಲವತ್ತು.
ಸಿಡಿಲು ಬಡಿದ ಪೈನಿಗೆ ಎಪ್ಪತ್ತೊಂದು.
ತೊರೆಯಾಚೆಯ ಬರ್ಚಿಗೆ ನೂರಾ ಹದಿನಾರು.
ಅಲ್ಲಿ ಮೊಣಕಾಲು ಸಾಕೆಂದಿತು, ಕೂತೆ.
ಆ ಬರ್ಚಿಗೇ ಕೆಂಪು ಪಟ್ಟಿ ಕಟ್ಟಿ ಬಂದೆ.
ಅದರಾಚೆ ಎಂಥ ಕೊಂಬೇ ಬರಲಿ,
ನನ್ನದಲ್ಲ.

"ನಿಂದು ಎಷ್ಟಕ್ಕೆ?"
"ನೂರಕ್ಕೆ."
ಯಾಲ್ಮರಿ ನಕ್ಕ. ವಯಸ್ಸು, ನಗಲಿ.
ಮೂರು ಗುಂಡು: ಎರಡು ತೂತು ಕೆನ್ನೆಗೆ ಕೆನ್ನೆ ತಾಗಿಸಿ,
ಮೂರನೆಯದು ಎಡಕ್ಕೆ ಮುನಿಸಿಕೊಂಡು.
ಅದು ಬಂದೂಕಿನದಲ್ಲ, ನನ್ನ ಉಸಿರಿನದು.
ಅದಕ್ಕೆ ತಿರುಪಿಲ್ಲ.

ಅಕ್ಟೋಬರಿನ ಎರಡನೆಯ ಭಾನುವಾರ ಅದು ಬಂತು,
ಒಂಟಿ ಗಂಡು, ಕುದುರೆಗಿಂತ ಎತ್ತರ,
ಮೈಯಿಂದ ಹಬೆ.
ಬರ್ಚಿನ ಹತ್ತಿರ ನಿಂತು ಪಟ್ಟಿಯನ್ನು ಮೂಸಿತು.
ಮೂತಿ ಈಚೆ, ಎದೆ ಆಚೆ.
ರೇಡಿಯೋದಲ್ಲಿ ಟೌನೊನ ಪಿಸುದನಿ: "ಕಾಣ್ತಿದೆಯಾ?"
"ಕಾಣ್ತಿದೆ" ಎಂದೆ.
ಬೆರಳು ಕುದುರೆಯ ಹೊರಗೆ, ನೆಟ್ಟಗೆ.
ತೊರೆ ಹರಿಯುತ್ತಿತ್ತು.
ಅದು ಮುಂಗಾಲೊಂದನ್ನು ಎತ್ತಿತು,
ಇನ್ನೂ ಇಟ್ಟಿರಲಿಲ್ಲ.