ಎರಡು ತಾರೀಕು

ಆಸ್ಪತ್ರೆಯ ಪುಸ್ತಕದ ಪ್ರಕಾರ ನಾನು ಹುಟ್ಟಿದ್ದು
ನವೆಂಬರ್ ಹದಿನಾಲ್ಕು, ರಾತ್ರಿ ಹನ್ನೊಂದು ಐವತ್ತು.
ಅಮ್ಮ ಒಪ್ಪುವುದಿಲ್ಲ.
ಸೆಕೆಂಡ್ ಶೋ ಬಿಟ್ಟು ಜನ ವಾರ್ಡಿನ ಕಿಟಕಿಯ ಕೆಳಗೆ
ವಿಲನ್ನನಿಗೆ ಬಯ್ಯುತ್ತಾ ಹೋದ ಮೇಲೆಯೇ ನೀನು ಅತ್ತದ್ದು,
ಆ ನರ್ಸಿಗೆ ಡ್ಯೂಟಿ ಮುಗಿಸುವ ಅರ್ಜೆಂಟು, ಎನ್ನುತ್ತಾಳೆ.

ನಲುವತ್ತಾರು ವರ್ಷದ ಈ ಕೇಸು ಇನ್ನೂ ತೀರ್ಮಾನವಾಗಿಲ್ಲ.
ಮಕ್ಕಳ ದಿನದ ಹುಳಿಮಿಠಾಯಿ ನನಗೆಂದೇ ಹಂಚುವುದೆಂದು
ಮೂರನೇ ಕ್ಲಾಸಿನವರೆಗೆ ನಂಬಿದ್ದೆ.
ಆಮೇಲೆ ಆ ವಿಷಯವನ್ನೇ ಬಿಟ್ಟೆ.

ಈ ಸಲ ಎರಡೂ ತಾರೀಕು
ಶನಿವಾರ, ಆದಿತ್ಯವಾರದ ಮೇಲೆ ಬಂದು
ಬಸ್ಸಿನ ಲೇಡೀಸ್ ಸೀಟಿನಲ್ಲಿ ಕೂತ ಹಾಗೆ ಒತ್ತಿಕೊಂಡು ಕೂತವು.
ಕ್ಯಾಲೆಂಡರ್ ನೋಡಿ ಮೈಮೂನ ಹೇಳಿದಳು:
"ಎರಡನ್ನೂ ಮಾಡುವ ಮಾರಾಯ್ತಿ, ಜಗಳ ಎಂತಕ್ಕೆ?"

ಶನಿವಾರ ಮಧ್ಯಾಹ್ನ ಸುಲ್ತಾನ್ ಬತ್ತೇರಿಯ ಕಡವು.
ದೋಣಿ ಎಂದರೆ ಹಿಲ್ಡಾಬಾಯಿಗೆ ಜೀವ ಹೋಗುತ್ತದೆ.
ಕೇಕಿನ ಪೆಟ್ಟಿಗೆ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ,
ಅಷ್ಟಗಲದ ಹೊಳೆಗೆ ಇಡೀ ತೇರ್ಸ್ ಹೇಳಲು ಹೊರಟವಳಿಗೆ
ಎಂಟನೆಯ ಮಣಿಗೇ ಆಚೆ ದಡ.
"ಬಾಕಿ ಉಳಿದದ್ದು ವಾಪಸ್ ಬರುವಾಗ" ಎಂದಳು ಸುಗಂಧಿ.

ತಣ್ಣೀರುಬಾವಿಯ ಗಾಳಿಮರದ ಅಡಿ
ಪೆಟ್ಟಿಗೆ ಬಿಚ್ಚಿದರೆ ಕೇಕು ಒಂದು ಬದಿಗೆ ವಾಲಿತ್ತು.
ವಾರಿಜ ಎಂಬ ಹೆಸರಿನಲ್ಲಿ "ವಾ" ಮಾತ್ರ ಉಳಿದು
ಬಾಕಿಯದು ಮುಚ್ಚಳಕ್ಕೆ ಅಂಟಿತ್ತು.
ವಾ! ಸಾಕಲ್ಲ, ಇನ್ನೆಂತ ಬೇಕು?
ಚೂರಿ ಮರೆತದ್ದಕ್ಕೆ ಸುಗಂಧಿಯ ಐಡಿ ಕಾರ್ಡಿನಲ್ಲೇ ಕೊಯ್ದೆವು,
ಅವಳ ಫೋಟೋದ ಮೂಗಿನ ಮೇಲೆ ಕ್ರೀಮು.

ಅಲ್ಲ, ಅದಕ್ಕೆ ಮೊದಲು ಮೇಣದ ಬತ್ತಿ.
ಕಡಲಗಾಳಿಗೆ ಹನ್ನೊಂದು ಕಡ್ಡಿ ಸತ್ತವು.
ಹನ್ನೆರಡನೆಯದನ್ನು ಮೈಮೂನ ಗೀರುವಾಗ
ನಾವು ಮೂವರು ಮಂಡಿಯೂರಿ
ಆರು ಅಂಗೈಯ ಗೂಡು ಕಟ್ಟಿದೆವು.
ಉರಿ ನಿಂತಿತು.
ಬೆರಳುಗಳ ಅಂಚು ಕೆಂಪಾಯಿತು, ಒಳಗಿಂದ ಹಣ್ಣಾದ ಹಾಗೆ.

ಇಪ್ಪತ್ತೆರಡು ವರ್ಷ ಎಕ್ಸ್‌ರೇ ಕೋಣೆಯಲ್ಲಿ
ಈ ಊರಿನ ಎಷ್ಟು ಕೈ ನೋಡಿಲ್ಲ ನಾನು:
ಬಲೆ ಎಳೆದು ಜಾರಿದ ಮಣಿಕಟ್ಟು,
ಬೈಕಿನಿಂದ ಬಿದ್ದ ಹುಡುಗನ ಕಿರುಬೆರಳು.
ಎಲ್ಲ ಕಪ್ಪು ಬಿಳುಪು, ಎಲ್ಲ ಮೂಳೆ.
ಮಾಂಸವೆಂದರೆ ಅಲ್ಲಿ ಬರೀ ಮಂಜು.
ಇಲ್ಲಿ ಮೂಳೆ ಕಾಣಲಿಲ್ಲ.
ಹಿಲ್ಡಾಬಾಯಿಯ ಬಿಸಿಯೆಣ್ಣೆಯ ಕಲೆ,
ಸುಗಂಧಿಯ ಸವೆದ ಉಂಗುರ.
ಇದರಲ್ಲಿ ನನ್ನ ಕೈ ಯಾವುದೆಂದು ಒಂದು ಗಳಿಗೆ ತಿಳಿಯಲಿಲ್ಲ.

ಆದಿತ್ಯವಾರ ಅಮ್ಮನ ಪಕ್ಷದ್ದು.
ಹಿಲ್ಡಾಬಾಯಿಯ ಪೂಜೆ ಮುಗಿಯುವವರೆಗೆ ಇಗರ್ಜಿಯ ಗೇಟಿನಲ್ಲಿ ಕಾದು
ಹಂಪನಕಟ್ಟೆಯವರೆಗೆ ನಡೆದೆವು.
ಬನ್ಸು ತಿಂದೆವು, ಕೈಸುಡುವಷ್ಟು ಬಿಸಿ,
ಹರಿದರೆ ಬಾಳೆಹಣ್ಣಿನ ಉಸಿರು.
ಅರುವತ್ತು ರೂಪಾಯಿಯ ಕಿವಿಯೋಲೆಯನ್ನು ಮೈಮೂನ
ಅರ್ಧ ಗಂಟೆ ಚರ್ಚೆ ಮಾಡಿ ನಲುವತ್ತೈದಕ್ಕೆ ಇಳಿಸಿ,
ಉಳಿದ ಹದಿನೈದನ್ನು ಅಂಗಡಿಯ ಹುಡುಗನಿಗೇ
ಚಾ ಕುಡಿ ಎಂದು ಕೊಟ್ಟಳು.

ಮತ್ತೆ ಗಡ್‌ಬಡ್. ಉದ್ದ ಗ್ಲಾಸು, ಉದ್ದ ಚಮಚ.
ಸುಗಂಧಿ ಮೆಟ್ಟಿಲಿಳಿದ ಹಾಗೆ ಮೇಲಿಂದ ಇಳಿಯುವವಳು,
ನಾನು ಸೀದಾ ಬುಡಕ್ಕೆ ಹೋಗಿ ಜೆಲ್ಲಿಯನ್ನು ಎಬ್ಬಿಸುವವಳು.
ಯಾರದು ಸರಿ ಎಂದು ವಾದಿಸುವಷ್ಟರಲ್ಲಿ
ನಾಲ್ಕು ಗ್ಲಾಸೂ ಒಂದೇ ಬಣ್ಣ.

ರಾತ್ರಿ ಅಮ್ಮ ಉಳಿದ ಕೇಕು ಚಪ್ಪರಿಸಿ ತೀರ್ಪು ಕೊಟ್ಟಳು:
"ರುಚಿ ಉಂಟು. ತಾರೀಕು ತಪ್ಪು."

ಸೋಮವಾರ ಎಂಟಕ್ಕೆ ಮೊದಲ ಪೇಶಂಟು, ಕೆಮ್ಮಿನ ಅಜ್ಜ.
ಎದೆ ತಾಗಿಸಿ, ಗಲ್ಲ ಮೇಲೆ,
ಉಸಿರು ಎಳೆಯಿರಿ, ಹಾಗೇ ಹಿಡಿಯಿರಿ ಎಂದು
ಬಟನ್ ಒತ್ತುವಾಗ
ಉಗುರಿನ ಸಂದಿಯಲ್ಲಿ ಒಂದಿಷ್ಟು ಮರಳು.
"ಬಿಡಿ" ಎನ್ನಲು ಮರೆತೇಬಿಟ್ಟೆ.
ಅಜ್ಜ ನಿಂತೇ ಇದ್ದರು
ಕೆನ್ನೆ ಉಬ್ಬಿಸಿಕೊಂಡು,
ಬತ್ತಿ ಊದಲು ಕಾಯುವವರ ಹಾಗೆ.